ಯಾರ ಬೆರಳು?

"ಇದರಾಗ ನಿನ್ನ ಗಂಡನ ತಪ್ಪು ಯಾವುದು, ತೋರ್ಸು."

ಬೆಳಗಾವಿಯ ವಕೀಲೆ ಕುಂದಾಬಾಯಿಯವರ ಮೊದಲ ಪ್ರಶ್ನೆಗೇ ಪ್ರಮಿಳಾ ತಡವರಿಸಿದಳು. ಮೇಜಿನ ಮೇಲೆ ಅವಳೇ ಪ್ರಿಂಟ್ ಹಾಕಿಸಿ ತಂದ ಇಪ್ಪತ್ಮೂರು ಸ್ಕ್ರೀನ್‌ಶಾಟುಗಳು! ಖಾನಾಪುರದಲ್ಲಿ ಕೌದಿ ಹೊಲಿದು ಮಾರುವ ರಸಿಕಾಳ ಒಂದೊಂದು ಪೋಸ್ಟಿಗೂ ಗಂಡ ಸೋಮಲಿಂಗನ ಹೆಸರಿನಿಂದ ಕೆಂಪು ಹೃದಯ ಬಿದ್ದಿತ್ತು.

"ಇಷ್ಟ ಸಾಲದೇನ್ರಿ ಮೇಡಂ?"

"ಅವನ ಮೊಬೈಲ್ ಕದ್ದು ತಗದೀಯೇನು?"

"ಇಲ್ರಿ. ಇವು ಯಾರ ಬೇಕಾದ್ರೂ ನೋಡೂವಂಥಾವು."

"ಛಲೋ ಆತು. ಕದ್ದಿದ್ರ ನೀನ ಸಿಕ್ಕೊಂತಿದ್ದಿ. ಖಾತೆ ಅವನದು ಖರೇ, ಒತ್ತಿದ ಬೆರಳು ಯಾರದು? ಕೋರ್ಟು ಮೊದಲ ಅದನ್ನ ಕೇಳ್ತದ." ಅವರು ಒಂದು ಹಾಳೆಯನ್ನು ಮುಂದೆ ಸರಿಸಿದರು. "ಇದನ್ನ ಓದೀಯೇನು?"

ದೀಪದ ಚಿತ್ರ. ಕೆಳಗೆ ರಸಿಕಾಳ ಅಜ್ಜಿ ತೀರಿಕೊಂಡ ಸುದ್ದಿ. ಅದಕ್ಕೂ ಹೃದಯ!

"ಓದಾಕ ಬರೋರು ಇದಕ್ಕ ಹೃದಯ ಒತ್ತತಾರೇನು?"

ಪ್ರಮಿಳಾಳಿಗೆ ಫಕ್ಕನೆ ನೆನಪಾಯಿತು. ಹೊಸ ಮೊಬೈಲು ಕೊಂಡಾಗ ಸೋಮಲಿಂಗ ಹಳೆಯದನ್ನು ಖಾನಾಪುರದ ತಾಯಿಗೆ ಕೊಟ್ಟಿದ್ದ. ಅದರಲ್ಲಿ ಅವನ ಖಾತೆ ಹಾಗೇ ಉಳಿದಿದ್ದರೆ...?

ಮರುದಿನ ರವಿವಾರ. ಗಂಡನನ್ನು ಕರೆದುಕೊಂಡೇ ಖಾನಾಪುರಕ್ಕೆ ಹೋದಳು. ಎಂಟು ದಿನದಿಂದ ಮಾತು ಬಿಟ್ಟವಳು ಬಸ್ಸಿನಲ್ಲೂ ಬಾಯಿ ತೆರೆಯಲಿಲ್ಲ.

ಅತ್ತೆ ಮಾಯಕ್ಕ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿದ್ದಳು.

"ಬಾ ಯವ್ವಾ! ಈ ಹುಡುಗಿ ಎಷ್ಟ ಚಂದ ಕೌದಿ ಹೊಲದಾಳ ನೋಡ! ಓದಾಕ ನನಗೆಲ್ಲಿ ಬರತೈತಿ? ಚಂದ ಕಂಡಿದ್ದಕ್ಕೆಲ್ಲಾ ಕೆಂಪಂದು ಒತ್ತತೇನಿ. ಯಾಕ, ತಪ್ಪಾತೇನ?"

"ತಪ್ಪ ನಿಮ್ಮದಲ್ರಿ ಅತ್ತಿ..."

ನೆಲ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು ಅವಳಿಗೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ! ಮುಖವನ್ನೇ ನೋಡದ ಹೆಣ್ಣಿಗೆ ಮನಸ್ಸಿನಲ್ಲಿ ಎಂತೆಂಥ ಹೆಸರಿಟ್ಟಿದ್ದಳು! ಗಂಡನಿಗೆ ಎಂಟು ದಿನ ಮುಖ ಕೊಡದೆ ತಟ್ಟೆ ಕುಕ್ಕಿದ್ದಳು...

ಹಿತ್ತಲಲ್ಲಿ ಪ್ರಿಂಟುಗಳನ್ನು ಅವನ ಕೈಗಿಟ್ಟಳು. ತಲೆ ಎತ್ತಲಾಗಲಿಲ್ಲ.

"ನಾ... ವಕೀಲರ ಕಡೆ ಹೋಗಿದ್ನಿರಿ. ನಿಮ್ಮ ಮ್ಯಾಲ ಸಂಶೆ ಬಂದು."

ಸೋಮಲಿಂಗ ಒಂದೊಂದೇ ಹಾಳೆ ತಿರುವಿದ.

"ಮನ್ಯಾಗ ನಾ ಇದ್ನಲ್ಲಾ ಪ್ರಮಿ! ನನ್ನ ಒಂದ ಮಾತ ಕೇಳಬಾರದಿತ್ತೇನು?"

"ಕೇಳಾಕ ಅಂಜಿಕಿ ಬಂತ್ರಿ... ನೀವು ಹೌದಂದಬಿಟ್ರ ನಾ ಎಲ್ಲಿ ಹೋಗ್ಲಿ?"

ಅವನು ಹಾಳೆಗಳನ್ನು ಮಡಚಿ ಬದಿಗಿಟ್ಟ. ಆಮೇಲೆ ಮೆಲ್ಲಗೆ ಅವಳ ಗದ್ದ ಎತ್ತಿದ.

"ಸಿಟ್ಟ ಬಂದೈತಿ, ಸುಳ್ಳ ಹೇಳೂದಿಲ್ಲ. ಆದ್ರ ಇನ್ನಮ್ಯಾಲ ಅಂಜಿಕಿ ಬಂದ್ರ ಮೊದಲ ನನ್ನ ಹಂತ್ಯಾಕ ಬಾ."

"ಈಗ ಬಂದೇನ್ರಿ... ನೂಕಬ್ಯಾಡ್ರಿ."

"ನೂಕಾಕ ಮನಸ ಬರತೈತೇನ, ಹುಚ್ಚಿ?"