ನುಂಗದ ಗುಳಿಗೆ

ಬೆರಳಿಗೆ ದಬ್ಬಣ ಚುಚ್ಚಿಸಿಕೊಂಡು ಬಂದವನು ನಾಲ್ಕು ದಿನದಲ್ಲಿ ಗುಣವಾಗಿ ಮನೆಯಲ್ಲಿರಬೇಕು. ಈ ಮೊಹಸಿನ ಎಂಬ ಮಹಾಶಯ ಆರನೆಯ ದಿನವೂ ಶಿರಹಟ್ಟಿಯ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಅದೂ ನಗುತ್ತ! ನನಗೆ ಮೈಯೆಲ್ಲ ಉರಿಯಿತು.

ಗಾದಿ ಹೊಲಿಯುವುದು ಅವನ ಕಸುಬು. ಊರಿಗೆಲ್ಲ ನಾನು ಸಿಸ್ಟರ್, ಇವನೊಬ್ಬನಿಗೆ ಮಾತ್ರ 'ಅಫ್ರೀನ ಅವರ'. ಅದನ್ನು ಕೇಳಲು ನಾನೂ ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತಿದ್ದೆ ಎಂಬುದು ನನ್ನ ಸಿಟ್ಟಿಗೆ ಇನ್ನೊಂದು ಕಾರಣ.

"ಇವತ್ತ ಹೆಂಗೈತ್ರಿ?"

"ನಿಮ್ಮನ್ನ ನೋಡಿದ ಮ್ಯಾಲೆ ಆರಾಮ ಐತ್ರಿ."

"ನಾ ಕೇಳಿದ್ದು ಬೆರಳ!"

ಆಯಾ ಹನಮಂತವ್ವ ಚಹಾ ತಂದಳು. ಅವನು ಎಡಗೈ ಚಾಚಿದ. ನಿನ್ನೆಯವರೆಗೆ ಬ್ಯಾಂಡೇಜಿದ್ದರೂ ಬಲಗೈಯಲ್ಲೇ ಕಪ್ಪು ಹಿಡಿಯುತ್ತಿದ್ದವನು. ಚಹಾ ಪಕ್ಕಕ್ಕಿಡಿಸಿ ಆ ಬಲಗೈ ಎಳೆದುಕೊಂಡೆ.

ಬ್ಯಾಂಡೇಜು ಬಿಚ್ಚಿದೆ. ಗಾಯ ಸಾಸಿವೆ ಕಾಳಿನಷ್ಟೇ ಇತ್ತು. ಆದರೆ ತೋರುಬೆರಳು ಬುಡದವರೆಗೆ ಬಾತು, ತಾನಾಗಿಯೇ ಬಾಗಿ ನಿಂತಿತ್ತು. ತುದಿ ಹಿಡಿದು ತುಸುವೇ ನೆಟ್ಟಗೆ ಮಾಡಿದೆ.

"ಯವ್ವಾ!" ಎಂದು ಎದ್ದೇಬಿಟ್ಟ. ನಗು ಎಲ್ಲಿ ಹೋಯಿತೋ.

ಬೆರಳನ್ನು ಮಡಚುವ ಸ್ನಾಯುರಜ್ಜಿನ ಗುಂಟ ಕೀವು ಒಳಗೆ ಹಬ್ಬಿದೆ ಎಂದು ಅನುಮಾನವಾಯಿತು. ಇವತ್ತೇ ಕೊಯ್ದು ತೊಳೆಯದಿದ್ದರೆ ಆ ಬೆರಳು ಮತ್ತೆ ದಬ್ಬಣ ಹಿಡಿಯಲಾರದು.

"ಗುಳಿಗಿ ತಗೊಂಡ್ರೋ ಇಲ್ಲೋ?"

ಅವನು ಫ್ಯಾನು ನೋಡಿದ, ಗೋಡೆ ನೋಡಿದ, ಕೊನೆಗೆ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದ. ಕಸಿದುಕೊಂಡು ನೋಡಿದೆ. ಒಂದೂ ಒಡೆದಿರಲಿಲ್ಲ.

"ಯಾಕ್ರಿ?"

"ತಗೊಂಡ್ರ ಜಲ್ದಿ ಆರಾಮ ಆಕ್ಕೈತಿ ಅಂದಿದ್ರಿ." ತಲೆ ತಗ್ಗಿಸಿದ. "ಆರಾಮ ಆದ್ರ ಇಲ್ಲಿಗೆ ಬರಾಕ ನೆಪ ಏನೈತ್ರಿ?"

ಇಂಥ ಪೆದ್ದನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬೈಯಲೆಂದು ಬಾಯಿ ತೆರೆದರೆ ಅಳು ಬಂತು.

"ಹೊಟ್ಟಿಗೆ ಅನ್ನ ಹಾಕೋ ಬೆರಳ್ರಿ ಅದು! ಹೋತಂದ್ರ ಏನ ಮಾಡ್ತೀರಿ?"

ಡಾಕ್ಟರಿಗೆ ಹೇಳಿದೆ. ಅವರು ಕುರ್ಚಿಯಿಂದಲೇ, "ಇನ್ನೆರಡು ದಿನ ಗುಳಿಗೆ ಕೊಟ್ಟು ನೋಡೋಣ" ಎಂದರು. ನಾನು ಜಗ್ಗಲಿಲ್ಲ.

"ಸರ್, ಒಮ್ಮೆ ನೀವ ಆ ಬೆರಳ ನೆಟ್ಟಗ ಮಾಡಿ ನೋಡ್ರಿ."

ಎದ್ದು ಬಂದು ನೋಡಿದರು. ಕೂಡಲೇ ಗದಗಿನ ಸರ್ಜನ್ನರಿಗೆ ಚೀಟಿ ಬರೆದರು.

"ನಾಳಿ ಹೋಗ್ತೀನ್ರಿ" ಎಂದ ಮೊಹಸಿನ.

"ಈಗ!"

ನಾನೇ ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಹೋಗಿ ಗದಗಿನ ಬಸ್ಸು ಹತ್ತಿಸಿದೆ. ಕಿಟಕಿಯಿಂದ ನನ್ನನ್ನೇ ನೋಡುತ್ತ ಹೋದ. ಬಸ್ಸು ಮರೆಯಾದ ಮೇಲೆ ನೋಡಿದರೆ ಆ ಗುಳಿಗೆ ಪಟ್ಟಿ ನನ್ನ ಮುಷ್ಟಿಯಲ್ಲೇ ಉಳಿದಿತ್ತು.

ಮೂರು ವಾರ ಬೆಂಚು ಖಾಲಿ ಇತ್ತು. ಆ ಖಾಲಿ ಬೆಂಚಿನ ಮೇಲೂ ನನಗೆ ಸಿಟ್ಟು.

ಅವನು ಬಂದಾಗ ಮೊದಲು ಮುಷ್ಟಿ ಕಟ್ಟಿಸಿದೆ. ತೋರುಬೆರಳು ನಿಧಾನವಾಗಿ ಬಾಗಿ ಅಂಗೈ ಮುಟ್ಟಿತು. ಗದಗಿಗೆ ಹೋದ ಸಂಜೆಯೇ ಆಪರೇಷನ್ ಆಗಿ ಬೆರಳು ಉಳಿದಿತ್ತು.

"ಪೂರಾ ಆರಾಮ ಆಗೇತಿ. ಇನ್ನ ಬರೂದು ಬೇಕಿಲ್ರಿ."

ಅವನ ಮುಖ ಬಾಡಿತು. "ಆತ್ರಿ" ಎಂದು ಎದ್ದ. ನಿಜಕ್ಕೂ ಎದ್ದೇಬಿಟ್ಟ! ಬೆರಳು ಕಳೆದುಕೊಳ್ಳಲು ಧೈರ್ಯವಿದ್ದವನಿಗೆ ಒಂದು ಮಾತು ಆಡಲು ಇಲ್ಲ.

"ನಿಮ್ಮ ದವಾಖಾನಿ ಚೀಟಿ ಕೊಡ್ರಿ ಇಲ್ಲೆ."

ಬರೆದು ಕೊಟ್ಟೆ. ಅವನು ಮೆಲ್ಲಗೆ ಓದಿದ.

"ಶುಕ್ರವಾರ, ಸಂಜಿ ಐದಕ್ಕ. ನಮ್ಮ ಮನಿಗೆ. ನಿಮ್ಮ ಅವ್ವನ್ನ ಕರಕೊಂಡು. ಅಪ್ಪ ಮನಿಯಾಗ ಇರ್ತಾರ."

ಎರಡು ಸಲ ಓದಿದ. ಕಿವಿಯವರೆಗೆ ಕೆಂಪಾದ.

"ಅಫ್ರೀನ ಅವರ... ಖರೇನ?"

"ಈ ಸಲಾರ ಹೇಳಿದಂಗ ಮಾಡ್ರಿ!" ಎಂದೆ.