ಓಬಳೇಶ ತಂದ ಸೀರೆ

ಓಬಳೇಶನ ತಿಥಿ ಮುಗಿಸಿಕೊಂಡು ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸುಗಳಿಗೇ ಹೊರಟುಹೋಗಿದ್ದರು. ಬೆಳಗಾದಾಗ ಚಳ್ಳಕೆರೆಯ ಆ ಮನೆಯಲ್ಲಿ ಉಳಿದವರು ಇಬ್ಬರೇ... ಅವನ ಹೆಂಡತಿ ಮಂಗಳಗೌರಿ ಮತ್ತು ಅವಳ ಅತ್ತೆ ಕೆಂಚಕ್ಕ.

ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ. ದೂರದಲ್ಲಿ ಎಣ್ಣೆ ಮಿಲ್ಲಿನ ಸೈರನ್. ನಲ್ಲಿಗೆ ನೀರು ಬಂದು ಬಿಂದಿಗೆ ತುಂಬುವ ಸದ್ದು. ಎಲ್ಲವೂ ದಿನದಂತೆಯೇ ನಡೆಯುತ್ತಿತ್ತು. ಗೌರಿಗೆ ಭಯವಾದದ್ದೇ ಅದಕ್ಕೆ.

ಮನೆ ತುಂಬ ಅಳುವವರಿದ್ದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಈಗ ಕೆಂಚಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಮಾರ್ಕೆಟ್ ಯಾರ್ಡಿಗೆ ಹೋಗಿ ಶೇಂಗಾ ಹಸನು ಮಾಡಿ ಬರುತ್ತೇನೆ, ಕೈಗಾದರೂ ಕೆಲಸ ಇರಲಿ ಎನ್ನುತ್ತಿದ್ದಳು. ಹಾಗಾದರೆ ಈ ಮನೆಯಲ್ಲಿ ಸಂಜೆಯವರೆಗೆ ತಾನೊಬ್ಬಳೇ...

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಬೆಂಗಳೂರಿನ ಮನೆಯ ಬಾಗಿಲನ್ನು ಹೀಗೇ ಮೆಲ್ಲಗೆ ತಟ್ಟಿದ್ದು ಗಂಡನ ಫುಟ್‌ಬಾಲ್ ತಂಡದ ಮ್ಯಾನೇಜರು. ಕಾರ್ನರ್ ಕಿಕ್ ತಡೆಯಲು ಹಾರಿದಾಗ ತಲೆಗೆ ತಲೆ ತಾಗಿತ್ತಂತೆ. ಓಬಳೇಶ ಎದ್ದು ನಿಂತು ನಕ್ಕು, ಪಂದ್ಯ ಮುಗಿಸಿಯೇ ಹೊರಗೆ ಬಂದನಂತೆ. ಬಸ್ಸು ಹತ್ತುವಾಗ ಕುಸಿದನಂತೆ. ಇಷ್ಟನ್ನು ಹೇಳಲು ಆ ಮನುಷ್ಯ ಎಷ್ಟೋ ಹೊತ್ತು ತೆಗೆದುಕೊಂಡಿದ್ದ.

ಈಗ ಬಾಗಿಲಲ್ಲಿ ನಿಂತಿದ್ದವನು ಬಾಲರಾಜು. ಮೊಳಕಾಲ್ಮೂರಿನವನು. ಹುಡುಗರಾಗಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿ ಓಬಳೇಶನ ಪಕ್ಕದಲ್ಲೇ ಆಡಿದವನು. ಆಮೇಲೆ ಆಟ ಬಿಟ್ಟು ಮನೆಯ ಮಗ್ಗಕ್ಕೆ ಕೂತವನು.

ಅವನು ಒಳಗೆ ಬಂದು ಕೂತ. ಟೀ ಕುಡಿದ. ಮಳೆ ಇಲ್ಲ ಎಂದ. ಬಸ್ಸು ರಶ್ಶು ಎಂದ. ಗೌರಿಯ ಮುಖ ಮಾತ್ರ ನೋಡಲಿಲ್ಲ.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳಿದ. "ಅತ್ತಿಗೆ... ಓಬಳೇಶಣ್ಣ ನಮ್ಮನೆದು ಒಂದು ವಿಷಯ ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲ. ಏನು ವಿಷಯ?"

"ಏನಿಲ್ಲ ಬಿಡ್ರಿ. ಬರ್ತೀನಿ."

ಅವನು ಹೋದ ಮೇಲೂ ಗೌರಿ ಬಾಗಿಲು ಹಿಡಿದು ನಿಂತೇ ಇದ್ದಳು.

ಮೊಳಕಾಲ್ಮೂರು... ಕೊನೆಗೂ ಅದು ಬಾಗಿಲಿಗೇ ಬಂದಿತ್ತು.

* * *

ಅವಳು ಅವನನ್ನು ಮೊದಲು ನೋಡಿದ್ದು ಚಳ್ಳಕೆರೆಯ ಕಾಲೇಜು ಮೈದಾನದಲ್ಲಿ. ಪುಸ್ತಕ ಎದೆಗವಚಿಕೊಂಡು ಅಡ್ಡದಾರಿಯಲ್ಲಿ ಹೋಗುತ್ತಿದ್ದಾಗ ಯಾರೋ ಒದ್ದ ಚೆಂಡು ನೇರ ಅವಳ ಕಡೆಗೇ ಬಂತು. ಅದು ಅವಳನ್ನು ಮುಟ್ಟಲಿಲ್ಲ. ನಡುವೆ ಒಬ್ಬ ನೆಗೆದು ಬಂದಿದ್ದ. ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು.

"ನಿಮಗೇನೂ ಆಗ್ಲಿಲ್ಲ ಅಲ್ವಾ?"

ರಕ್ತ ಸುರಿಸಿಕೊಂಡು ನಿಂತವನು ಕೇಳುವ ಮಾತೇ ಅದು? ಅವಳಿಗೆ ಹೆದರಿಕೆಯಲ್ಲಿ ಸಿಟ್ಟು ಬಂದಿತ್ತು. ಮುಖ ಕೊಟ್ಟು ಚೆಂಡು ತಡೆಯುವುದಕ್ಕೆ ನಿಮಗೆ ಬುದ್ಧಿ ಇಲ್ಲವೇ ಎಂದು ಬೈದಿದ್ದಳು. ಅವನು ಮೂಗು ಒರೆಸಿಕೊಂಡು, ತಾನು ಸ್ಟಾಪರ್ ಬ್ಯಾಕ್, ಇದೇ ತನ್ನ ಕೆಲಸ ಎಂದಿದ್ದ.

ಗೋಲು ಹೊಡೆಯುವವರ ಹೆಸರು ಪೇಪರಿನಲ್ಲಿ ಬರುತ್ತಿತ್ತು. ತಡೆದವನ ಹೆಸರು ಬರುತ್ತಿರಲಿಲ್ಲ. ಬೆಂಗಳೂರಿನ ಕಾರ್ಖಾನೆ ತಂಡದಲ್ಲಿ ಆಡಿದ, ಗೋವಾದ ಕ್ಲಬ್ಬಿನಲ್ಲಿ ಆಡಿದ, ಮಂಡಿ ಆಪರೇಷನ್ ಆಗಿ ಮತ್ತೆ ಬೆಂಗಳೂರಿಗೆ ಬಂದು ಆಡಿದ. ಅಷ್ಟು ವರ್ಷದಲ್ಲಿ ಅವನ ಹೆಸರು ಪೇಪರಿನಲ್ಲಿ ಬಂದದ್ದು ಒಮ್ಮೆ, ಚೆಂಡು ತನ್ನ ಕಾಲಿಗೆ ತಾಗಿ ತನ್ನದೇ ತಂಡದ ಗೋಲಿಗೆ ಹೋದಾಗ. "ಅಂತೂ ಬಂತಲ್ಲ ಬಿಡು," ಎಂದು ಅವನು ಅದನ್ನು ಊರಿಗೆಲ್ಲ ತೋರಿಸಿದ್ದ.

ಗೌರಿ ಅವನ ಆಟವನ್ನು ಕಣ್ಣಾರೆ ನೋಡಿದ್ದು ಕಡಿಮೆ. ಗ್ಯಾಲರಿಯ ಕೆಳಗೆ, ಮೆಟ್ಟಿಲ ಹಿಂದೆ ನಿಂತು ಬರೀ ಕೇಳಿಸಿಕೊಳ್ಳುತ್ತಿದ್ದಳು. ಜನ ಒಮ್ಮೆಲೇ ಸುಮ್ಮನಾದರೆ ಅವಳ ಉಸಿರು ನಿಲ್ಲುತ್ತಿತ್ತು. ಮತ್ತೆ ಗದ್ದಲ ಎದ್ದರೆ ಉಸಿರು ಬರುತ್ತಿತ್ತು.

ಅವಳ ತಂದೆ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರು. ಯಾರ್ಡಿನಲ್ಲಿ ಶೇಂಗಾ ಹಸನು ಮಾಡುವವಳ ಮಗನಿಗೆ ಮಗಳನ್ನು ಕೊಡುವುದು ಆ ಮನೆಯಲ್ಲಿ ಯೋಚಿಸುವ ಮಾತೂ ಆಗಿರಲಿಲ್ಲ. ಅವಳು ಎಂ.ಎ. ಮುಗಿಸಿದ ವರ್ಷ ಇಬ್ಬರೂ ದುರ್ಗದ ರಿಜಿಸ್ಟರ್ ಆಫೀಸಿಗೆ ಹೋದರು. ಉಟ್ಟ ಬಟ್ಟೆಯಲ್ಲಿ ಬಂದವಳಿಗೆ ಓಬಳೇಶ ಒಂದು ಸೀರೆ ತಂದಿದ್ದ. ಕೆಂಪು ರೇಷ್ಮೆ, ರುದ್ರಾಕ್ಷಿ ಮಣಿ ಪೋಣಿಸಿದಂತೆ ನೇಯ್ದ ಹಸಿರು ಅಂಚು.

ಅವಳು ಅದಕ್ಕೆ ಮುಖ ಒತ್ತಿಕೊಂಡು ಅತ್ತಿದ್ದಳು. ತವರಿನಿಂದ ಒಂದು ಎಳೆ ನೂಲೂ ಬರಲಿಲ್ಲ, ಈ ಲೋಕದಲ್ಲಿ ತನ್ನದು ಅಂತ ಇರುವುದು ಇದೊಂದೇ ಎಂದಿದ್ದಳು. ಓಬಳೇಶ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗಿದ್ದ.

ಆಮೇಲೆ ಶುರುವಾದದ್ದು ಮೊಳಕಾಲ್ಮೂರು. ರಜೆಗೆ ಊರಿಗೆ ಬಂದಾಗಲೆಲ್ಲ ಒಂದು ದಿನ ಅಲ್ಲಿಗೆ ಹೋಗುತ್ತಿದ್ದ. ಬಾಲರಾಜುನ ನೋಡಿ ಬರ್ತೀನಿ ಎನ್ನುತ್ತಿದ್ದ. ಸಂಜೆ ಬಂದಾಗ ಮಾತು ಕಡಿಮೆ. ಒಮ್ಮೆ ಅವನ ಅಂಗಿಯ ತೋಳಿನ ಮೇಲೆ ಕೆಂಪು ರೇಷ್ಮೆಯ ಒಂದು ಎಳೆ ಅಂಟಿತ್ತು.

ಯಾರ ಸೀರೆಯದು?

ಅವಳು ಕೇಳಲಿಲ್ಲ. ಕೇಳಿದರೆ ಅವನು ನಿಜ ಹೇಳಿಬಿಟ್ಟರೆ... ಆ ಹೆದರಿಕೆಗೆ ಎಳೆಯನ್ನು ತೆಗೆದು ಕಿಟಕಿಯಿಂದ ಹೊರಗೆ ಬಿಟ್ಟಿದ್ದಳು.

* * *

"ಅತ್ತೆ, ಮೊಳಕಾಲ್ಮೂರಲ್ಲಿ ಅವರಿಗೆ ಯಾರಿದ್ರು?"

ಕೆಂಚಕ್ಕ ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು. ಸೊಸೆಯ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಹೇಳುವುದು ಸಣ್ಣ ಮಾತಾಗಿದ್ದರೆ ಅತ್ತೆ ನಿಂತೇ ಹೇಳುತ್ತಿದ್ದಳು.

"ಆ ಹುಡುಗ ಸೀರೆ ಕೇಳಾಕ್ ಬಂದಿದ್ದ ಕಣವ್ವ. ಬಾಯಿ ಬರಲಿಲ್ಲ."

"ಯಾವ ಸೀರೆ?"

"ನಿನ್ನ ಮದುವೆ ಸೀರೆ."

ಕೆಂಚಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು. ಬಾಲರಾಜುನ ಮನೆಯಲ್ಲಿ ಹಿರಿಯರು ನೇಯ್ದಿಟ್ಟ ಒಂದು ಸೀರೆ ಉಂಟು. ಆ ಮನೆಗೆ ಬರುವ ಸೊಸೆ, ಆ ಮನೆಯಿಂದ ಹೋಗುವ ಮಗಳು, ಎಲ್ಲರೂ ಮುಹೂರ್ತಕ್ಕೆ ಉಡುವುದು ಅದನ್ನೇ. ಉಟ್ಟವಳು ಜೋಪಾನ ಮಾಡಿ ಮತ್ತೆ ತಂದುಕೊಡಬೇಕು. ರಿಜಿಸ್ಟರ್ ಮದುವೆಯ ಹಿಂದಿನ ದಿನ ಬರಿಗೈಲಿ ಇದ್ದ ಓಬಳೇಶನಿಗೆ ಬಾಲರಾಜುನ ಅವ್ವ ರೇಣುಕಮ್ಮ ಅದನ್ನು ಕೊಟ್ಟಿದ್ದಳು. ನೀನೂ ನನ್ನ ಮಗನೇ, ಉಡಿಸಿ ಕಳಿಸು ಎಂದಿದ್ದಳು. ಈಗ ಬಾಲರಾಜುನ ತಂಗಿ ದಿವ್ಯಾಗೆ ಮದುವೆ ಗೊತ್ತಾಗಿದೆ.

ಗೌರಿಗೆ ತನ್ನದು ಅಂತ ಇದ್ದದ್ದು ಅದೊಂದೇ... ಅದೂ ತನ್ನದಲ್ಲ.

"ಹಂಗಾದ್ರೆ ಬಾಲರಾಜು ಹತ್ರಾನೇ ಕಳಿಸಬಹುದಿತ್ತಲ್ಲ, ಅತ್ತೆ."

"ಅಲ್ಲೇ ಐತೆ ತೊಡಕು. ಕೊನೇಗೆ ಉಟ್ಟೋಳೇ ಕೈಯಾರೆ ತಂದುಕೊಡಬೇಕು. ಬ್ಯಾರೆಯವರ ಕೈಲಿ ಕಳಿಸಂಗಿಲ್ಲ."

ಕೊನೆಗೆ ಉಟ್ಟವಳು ಈಗ ಗಂಡ ಸತ್ತವಳು. ಮದುವೆಯ ಮನೆಗೆ ಅವಳು ಬರಲಿ ಎಂದು ಕೇಳುವುದು ಹೇಗೆ? ಬರಬೇಡ ಎಂದರೆ ಸೀರೆ ಬರುವುದು ಹೇಗೆ? ಬಾಲರಾಜು ಟೀ ಕುಡಿದು ಮಳೆಯ ಮಾತಾಡಿ ಹೋದದ್ದು ಅದಕ್ಕೇ.

ನೀವೂ ನನ್ನ ಜೊತೆ ಬನ್ನಿ ಎಂದು ಗೌರಿ ಕೇಳಿಕೊಂಡಳು. ಕೆಂಚಕ್ಕ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ಒಣನಗೆ ನಕ್ಕಳು. "ಗಂಡ ಸತ್ತೋಳು ಒಬ್ಬಳು ಸಾಲದು ಅಂತ ಇಬ್ಬರು ಹೋಗಾನಾ? ನಿಮ್ಮಪ್ಪ ಜಾತಿ ಜಾತಿ ಅಂತಿದ್ರು. ಈಗ ನಂದೂ ನಿಂದೂ ಒಂದೇ ಜಾತಿ ಆತು ನೋಡು."

* * *

ಬಸ್ಸಿನಲ್ಲಿ ಗೌರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೊಳಕಾಲ್ಮೂರು ಹತ್ತಿರದ ಹಾನಗಲ್ ದಾಟುವಾಗ ಇಳಿದುಬಿಡಬೇಕು ಅನ್ನಿಸಿತು. ಆ ಮನೆಯಲ್ಲಿ ಏನೆನ್ನುತ್ತಾರೆ? ಸೀರೆಯನ್ನು ಮುಟ್ಟುವುದಿಲ್ಲ ಎಂದರೆ? ಮುಟ್ಟಿ, ತನ್ನ ಕಣ್ಣೆದುರೇ ನೀರಿಗೆ ಅದ್ದಿದರೆ?

ಇನ್ನೂ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಸೀರೆಯ ವಿಷಯ ಸೀರೆಯದಾಯಿತು. ಹಾಗಾದರೆ ವರ್ಷ ವರ್ಷ ಅವನು ಇಲ್ಲಿಗೆ ಬಂದದ್ದು ಯಾಕೆ?

ಮೊಳಕಾಲ್ಮೂರಿನಲ್ಲಿ ಇಳಿದಾಗ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಬಾಲರಾಜುನ ಮನೆಯ ಮುಂದೆ ಆಗಲೇ ಚಪ್ಪರದ ಕಂಬ ನೆಟ್ಟಿದ್ದರು. ಗೌರಿ ಕಂಬದ ಆಚೆಯೇ ನಿಂತಳು.

ಜಗುಲಿಯ ಮೇಲಿದ್ದ ಮುದುಕಿ, ಬಾಲರಾಜುನ ಅಜ್ಜಿ ಕರಿಯಕ್ಕ, ಅವಳ ಹಣೆ ನೋಡಿದಳು, ಚೀಲ ನೋಡಿದಳು. ಒಳಕ್ಕೆ ತಿರುಗಿ ಸೊಸೆಗೆ ತೆಲುಗಿನಲ್ಲಿ ಏನೋ ಅಂದಳು. ಚಪ್ಪರ ಹಾಕಿದ ಮನೆಗೆ ಇವಳ ಕೈಯಿಂದ ಸೀರೆಯೇ ಎಂಬುದಷ್ಟು ಗೌರಿಗೆ ಅರ್ಥವಾಯಿತು.

ಹಿಂತಿರುಗಿ ಓಡಬೇಕು ಅನ್ನಿಸಿತು. ಓಡಲಿಲ್ಲ.

ರೇಣುಕಮ್ಮ ಗುಂಡಿ ಮಗ್ಗದಿಂದ ಎದ್ದು ಬಂದಳು. ಅತ್ತೆ ಕರಿಯಕ್ಕನ ಕಡೆ ತಿರುಗಿದಳು. "ನೀನೂ ಈ ಸೀರೆ ಉಟ್ಟೇ ಬಂದೋಳು, ನಾನೂ ಉಟ್ಟೇ ಬಂದೋಳು. ನಿನ್ನ ಗಂಡ ಎಲ್ಲೈದಾನೆ ಅತ್ತೆ? ನನ್ನ ಗಂಡ ಎಲ್ಲೈದಾನೆ? ಸೀರೆ ಉಟ್ಟೋಳ ಮಾನ ಕಾಯ್ತೈತೆ, ಗಂಡನ ಆಯುಸ್ಸು ಕಾಯಾಕೆ ಅದೇನು ದೇವರಾ?"

ಕರಿಯಕ್ಕ ಎಲೆ ಅಡಿಕೆ ಹುಡುಕತೊಡಗಿದಳು. ಆಮೇಲೆ, ತಲೆ ಎತ್ತದೆಯೇ, ಬಿಸಿಲಲ್ಲಿ ಎಷ್ಟೊತ್ತು ನಿಲ್ತಾಳೆ, ಒಳಗೆ ಕರಿ ಎಂದಳು.

ರೇಣುಕಮ್ಮ ಗೌರಿಯ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಇನ್ನೊಂದು ಮಗ್ಗವಿತ್ತು, ತೀರಿಕೊಂಡ ಗಂಡನದು. ಅದರ ಮೇಲೆ ಹಳೆಯ ಪಂಚೆ ಮುಚ್ಚಿತ್ತು. ರೇಣುಕಮ್ಮ ಪಂಚೆ ಸರಿಸಿದಳು.

ಕೆಂಪು ರೇಷ್ಮೆ. ಹಸಿರು ರುದ್ರಾಕ್ಷಿ ಅಂಚು. ಅರ್ಧ ನೇಯ್ದ ಸೀರೆ.

"ಇದು ನಿಂದು," ಎಂದಳು ರೇಣುಕಮ್ಮ. "ಅದರಂಗೇ ಇನ್ನೊಂದು ನೇಯ್ದು, ನಿನಗೆ ತಿಳೀದಂಗೆ ಬದಲಾಯಿಸಿಬಿಡ್ತೀನಿ ಅಂತಿದ್ದ ಓಬಳೇಶ."

ಅಂಚು ಬೇರೆ ಬಣ್ಣದ್ದಾದರೆ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ನಡುವೆ ಕೂತು ನೇಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಚಿನ ಲಾಳಿಯನ್ನು ಹಿಡಿದು ಮತ್ತೆ ಮತ್ತೆ ವಾಪಸ್ಸು ಎಸೆಯಬೇಕು. ಆ ಪಕ್ಕದ ಜಾಗ ಓಬಳೇಶನದಾಗಿತ್ತು. ಮಂಡಿ ನೋವಿದ್ದರೂ ಕಾಲು ಮಡಚಿ ದಿನವಿಡೀ ಕೂರುತ್ತಿದ್ದನಂತೆ. ಕೊಂಡು ಕೊಟ್ಟರೆ ಆಗದೇನೋ ಎಂದರೆ, ಅವಳು ಇದೊಂದೇ ನನ್ನದು ಅಂದಿದಾಳೆ, ಕೊಂಡದ್ದು ಆಗಂಗಿಲ್ಲ ಎನ್ನುತ್ತಿದ್ದನಂತೆ.

"ನನಗೆ ಹೇಳಬಹುದಿತ್ತಲ್ಲ, ಅಮ್ಮ."

"ನಾನೂ ಅದನ್ನೇ ಅಂದೆ. ಎಂತೆಂಥ ಆಳನ್ನೆಲ್ಲ ತಡೀತೀಯ, ಹೆಂಡ್ರಿಗೆ ಒಂದು ಮಾತು ಹೇಳಾಕೆ ಏನು ಅಂದೆ. 'ಭಯ ಆಗ್ತೈತವ್ವ. ಅವಳ ಮುಖ ಸಣ್ಣಗಾಗೋದನ್ನ ನನ್ನ ಕೈಲಿ ನೋಡಾಕಾಗಲ್ಲ' ಅಂದ."

ಗೌರಿ ಮಗ್ಗದ ಅಂಚಿಗೆ ಬೆರಳಿಟ್ಟಳು. ಕೆಲವು ಕಡೆ ರುದ್ರಾಕ್ಷಿ ಸೊಟ್ಟಗಿತ್ತು. ಅವನು ಎಳೆಯನ್ನು ಬಿಗಿಯಾಗಿ ಎಳೆದಿದ್ದ ಜಾಗಗಳು.

ತಾನೂ ಕೇಳಲಿಲ್ಲ, ಭಯಕ್ಕೆ. ಅವನೂ ಹೇಳಲಿಲ್ಲ, ಭಯಕ್ಕೆ. ಒಂದೇ ಹೆದರಿಕೆಯ ಎರಡು ಕಡೆ ಕೂತು ಇಬ್ಬರೂ ಸಂಸಾರ ಮಾಡಿದ್ದರು.

ತಿಥಿಯ ದಿನವೂ ಬಾರದ ಅಳು ಈಗ ಬಂತು. ರೇಣುಕಮ್ಮ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ಅಳು ನಿಂತ ಮೇಲೆ ಮೆಲ್ಲಗೆ ಹೇಳಿದಳು. ಬೇಕಿದ್ದರೆ ಹಳೆಯದನ್ನೂ ಇಟ್ಟುಕೋ, ದಿವ್ಯಾಗೆ ಬೇರೆ ಉಡಿಸುತ್ತೇವೆ, ಯಾರೂ ಏನೂ ಅನ್ನುವುದಿಲ್ಲ.

ಗೌರಿ ತಲೆಯಾಡಿಸಿದಳು. "ಬೇಡಮ್ಮ. ಅವರು ತಂದದ್ದು. ಕೊಡೋದು ನನ್ನ ಕೆಲಸ."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ದಿವ್ಯಾ ಒಳಗೆ ಬಂದಳು. ಅರಿಶಿನ ಹಚ್ಚಿದ ಎರಡೂ ಕೈ ಚಾಚಿದಳು. ಗೌರಿ ಚೀಲದಿಂದ ಸೀರೆ ತೆಗೆದು ಆ ಕೈಗಳ ಮೇಲಿಟ್ಟಳು. ಆದರೆ ಅವಳ ಬೆರಳುಗಳು ಇನ್ನೂ ಅದನ್ನು ಬಿಟ್ಟಿರಲಿಲ್ಲ.

ದಿವ್ಯಾ ಎಳೆದುಕೊಳ್ಳಲಿಲ್ಲ. ಹಾಗೇ ಹಿಡಿದು ನಿಂತಳು.

"ಅತ್ತಿಗೆ, ಇದರ ನೆರಿಗೆ ಜಾರ್ತೈತಂತೆ. ಹೌದಾ?"

"ಹೌದು. ಎಡಗೈಲಿ ಗಟ್ಟಿಯಾಗಿ ಹಿಡ್ಕೋ."

"ಅವತ್ತು ನಿಮಗೆ ಭಯ ಆಗಿತ್ತಾ?"

"ತುಂಬಾ. ಸಹಿ ಮಾಡುವಾಗ ಕೈ ನಡುಗ್ತಿತ್ತು."

"ಆಮೇಲೆ?"

"ಅವರು ನನ್ನ ಕೈ ನೋಡಿದ್ರು. ತಮ್ಮ ಕೈ ತೋರಿಸಿದ್ರು... ಅದೂ ನಡುಗ್ತಿತ್ತು."

ದಿವ್ಯಾ ನಕ್ಕಳು. ಗೌರಿಯ ಮುಖದಲ್ಲೂ ಏನೋ ಸಡಿಲವಾಯಿತು.

ಅವಳು ಸೀರೆಯಿಂದ ಬೆರಳು ತೆಗೆದಳು.