ಎರಡು ಸಲ ಕೆಮ್ಮಿದರೆ ನಾಟೌಟ್

"ಅದು ಔಟಾ?"

ಸ್ಕೋರ್ ಬರೆಯುವ ಮೇಜಿನ ಮೇಲೆ ಬ್ಯಾಟು ಕುಕ್ಕಿ ಕೇಳಿದವನನ್ನು ಹರಿಣಿ ತಲೆಯೆತ್ತಿ ನೋಡಿದಳು. ಬೆವರಿಳಿಯುವ ಮುಖ, ಮೂಗಿನ ತುದಿಯಲ್ಲಿ ಸಿಟ್ಟು. ಅಮೆರಿಕದ ಲಾರೆನ್ಸ್‌ವಿಲ್ ಕನ್ನಡಿಗರ ಭಾನುವಾರದ ಕ್ರಿಕೆಟ್ಟಿಗೆ ಅವಿನಾಶ್ ಹೊಸಬ.

"ಅಂಪೈರ್ ಬೆರಳೆತ್ತಿದ್ರೆ ಔಟೇ. ನಾನು ಬರೆಯೋಳು ಅಷ್ಟೇ."

"ಆ ಅಂಕಲ್‌ಗೆ ಕಣ್ಣು ಕಾಣತ್ತಾ?"

"ಅವರು ನಮ್ಮಪ್ಪ."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಹರಿಣಿಗೆ ನಗು ಬಂತು. ಮೂರೇ ವಾರದಲ್ಲಿ ಅವಳು ಅವನ ಕಾರಿನ ಮುಂದಿನ ಸೀಟಿನಲ್ಲಿದ್ದಳು. ಮನಸ್ಸು ಕೊಡುವ ವಿಷಯದಲ್ಲಿ ನಮ್ಮ ಹುಡುಗಿಗೆ ತಡಮಾಡಿ ಗೊತ್ತಿಲ್ಲ.

ಆ ಬೇಸಿಗೆ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಇನ್ನೊಂದು ರುಚಿ ಹತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ 'ಬೌಂಡರಿ ರಾಯ' ಎಂಬ ಹೆಸರಿನಲ್ಲಿ, ಗುರುತಿಲ್ಲದ ನಂಬರಿನಿಂದ, ಯಾರೋ ಹಿಂದಿನ ದಿನದ ಆಟದ ತಮಾಷೆ ವರದಿ ಹಾಕುತ್ತಿದ್ದರು. ಯಾರೆಂದು ಯಾರಿಗೂ ಗೊತ್ತಿಲ್ಲ. 'ಚೆಂಡು ಪವನನನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನಾಲ್ಕು ರನ್ ಆಗಿತ್ತು' ಎಂದು ಬಂದ ಮೇಲೆ ದಪ್ಪಗಿದ್ದ ಪವನ ಮೈದಾನದ ಕಡೆ ತಲೆ ಹಾಕಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. ಹರಿಣಿಯಂತೂ ಆ ವರದಿಯನ್ನು ಐದು ಜನಕ್ಕೆ ಕಳಿಸಿ ನಕ್ಕಿದ್ದಳು.

ಒಂದು ಶನಿವಾರ ಪಕ್ಕದೂರು ಡುಲುತ್‌ನ ಕೊರಿಯನ್ ಬೇಕರಿಯಲ್ಲಿ ಕೂತು ಅವಳು ಮೆಲ್ಲಗೆ ಹೇಳಿದಳು.

"ಯಾರಿಗೂ ಹೇಳ್ಬೇಡ. ಅಪ್ಪನಿಗೆ ನಿಜವಾಗ್ಲೂ ಕಣ್ಣು ಕಾಣಲ್ಲ."

"ಏನು? ಅವರು ಕಣ್ಣಿನ ಡಾಕ್ಟರಲ್ವಾ?"

"ಅದೇ ನೋಡು. ನಲವತ್ತು ವರ್ಷ ಬೇರೆಯವರ ಕಣ್ಣು ಸರಿಮಾಡಿದ್ರು. ಈಗ ಎದುರಿಗಿರೋದೇ ಮಸುಕು. ಸ್ಕ್ವೇರ್ ಲೆಗ್‌ನಲ್ಲಿ ನಿಂತ್ಕೊಳ್ಳೋ ಇನ್ನೊಬ್ಬ ಅಂಪೈರ್ ದಾನಪ್ಪ ಅಂಕಲ್ ಕೆಮ್ಮಿ ತಿಳಿಸ್ತಾರೆ. ಒಂದು ಸಲ ಕೆಮ್ಮಿದ್ರೆ ಔಟ್. ಎರಡು ಸಲ ಕೆಮ್ಮಿದ್ರೆ ನಾಟೌಟ್. ಅಪ್ಪನಿಗೆ ಉಳಿದಿರೋದು ಆ ಭಾನುವಾರದ ಆಟ ಒಂದೇ, ಅವಿ..."

ಅವಿನಾಶ್ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವಳ ಕೈ ಹಿಡಿದು, "ನನ್ನ ಹತ್ರ ಸೇಫ್" ಎಂದ. ಆ ನೀರನ್ನು ಅವಳು ಪ್ರೀತಿಯೆಂದು ತಿಳಿದಳು ಪಾಪ.

ಸೋಮವಾರ ವರದಿ ಬಂತು.

'ದಾನಪ್ಪನವರಿಗೆ ಕೆಮ್ಮು ಬಂದರೆ ಗುರುರಾಜರ ಬೆರಳು ಏಳುತ್ತದೆ. ಊರಿಗೆಲ್ಲ ಕನ್ನಡಕ ಹಂಚಿದ ಡಾಕ್ಟರು ತಮಗೊಂದು ಇಟ್ಟುಕೊಳ್ಳುವುದನ್ನು ಮರೆತರೇ?'

ಹರಿಣಿ ಅದನ್ನು ಎರಡು ಸಲ ಓದಿದಳು. ಅವಳು ಹೇಳಿದ್ದು ಒಬ್ಬನಿಗೆ ಮಾತ್ರ. ಬೌಂಡರಿ ರಾಯ ಯಾರೆಂದು ಈಗ ಕೇಳಬೇಕಾಗಿರಲಿಲ್ಲ.

ಅಪ್ಪ ಗುರುರಾಜರಿಗೆ ಫೋನು ಓದಲು ಆಗುತ್ತಿರಲಿಲ್ಲ. ಅವಳೂ ಓದಿ ಹೇಳಲಿಲ್ಲ. ಭಾನುವಾರ ಅವರು ಎಂದಿನಂತೆ ಬಿಳಿ ಕೋಟು ತೊಟ್ಟು, ಎಸೆತ ಎಣಿಸಲು ಜೇಬಿಗೆ ಆರು ಗುಂಡಿ ಹಾಕಿಕೊಂಡು ಮೈದಾನಕ್ಕಿಳಿದರು.

ಮೊದಲ ಎಸೆತ ಪ್ಯಾಡಿಗೆ ಬಡಿಯಿತು. ಬೌಲರ್ ಕೂಗಿದ. ಬೌಂಡರಿಯಿಂದ ಯಾರೋ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು. ಆಮೇಲೆ ಇಪ್ಪತ್ತು ಜನ ಒಟ್ಟಿಗೆ ಕೆಮ್ಮಿದರು.

ಬೆರಳು ಅರ್ಧಕ್ಕೆ ಎತ್ತಿದ್ದ ಗುರುರಾಜರು ಸದ್ದು ಬಂದ ಕಡೆಗೆಲ್ಲ ಮುಖ ತಿರುಗಿಸಿದರು. ನಗು ಜೋರಾಯಿತು. ಅವರು ಕೋಟು ಬಿಚ್ಚಿ ಮಡಿಸಿಕೊಂಡು ನಡೆದರು. ಪಾರ್ಕಿಂಗ್ ಇದ್ದದ್ದು ಬಲಕ್ಕೆ, ಅವರು ಎಡಕ್ಕೆ ಹೊರಟಿದ್ದರು. ಹರಿಣಿ ಓಡಿಹೋಗಿ ಕೈ ಹಿಡಿದಳು.

ಮೂರು ವಾರ ಅವಳು ಅವಿನಾಶನ ಫೋನು ಎತ್ತಲಿಲ್ಲ. ನಾಲ್ಕನೆಯ ವಾರ ಅವನೇ ಬಾಗಿಲಿಗೆ ಬಂದ.

"ನಗು ಬಂತು, ಬರೆದೆ. ಇಷ್ಟಾಗತ್ತೆ ಅಂದ್ಕೊಳ್ಲಿಲ್ಲ ಹರಿಣಿ..."

"ಯಾರಮ್ಮ, ಬರೆಯೋ ಹುಡುಗನಾ?" ಮಾತು ಕಿವಿಗೆ ಬಿದ್ದು ಒಳಗಿನಿಂದ ಅಪ್ಪ ಕೇಳಿದರು. "ಒಳಗೆ ಕರಿ. ಆ ವರದೀನ ಯಾರೂ ನಂಗೆ ಓದಿ ಹೇಳಿಲ್ಲ. ನೀನೇ ಓದಪ್ಪ."

"ಬೇಡ ಅಂಕಲ್, ಪ್ಲೀಸ್."

"ಓದು."

ಅವಿನಾಶ್ ಫೋನು ತೆಗೆದು ಓದಿದ. ನೂರು ಜನ ಬಿದ್ದು ಬಿದ್ದು ನಕ್ಕ ಸಾಲುಗಳಿಗೆ ಈ ಕೋಣೆಯಲ್ಲಿ ಯಾರೂ ನಗಲಿಲ್ಲ. ಕನ್ನಡಕದ ಮಾತು ಬಂದಾಗ ಅವನು ಫೋನು ಕೆಳಗಿಳಿಸಿದ.

"ನಿಲ್ಲಿಸ್ಬೇಡ. ಪೂರ್ತಿ ಓದು."

ಪೂರ್ತಿ ಓದಿದ. "ಭಾಷೆ ಚೆನ್ನಾಗಿದೆ" ಎಂದಷ್ಟೇ ಹೇಳಿ ಗುರುರಾಜರು ಗೋಡೆ ಸವರಿಕೊಂಡು ತಮ್ಮ ಕೋಣೆಗೆ ಹೋದರು.

ಬಾಗಿಲ ಬಳಿ ಇಬ್ಬರೇ ಉಳಿದರು.

"ನನ್ನ ಮೇಲೆ ಇನ್ನೂ ಪ್ರೀತಿ ಇದ್ಯಾ?"

"ಇದೆ. ಅದಕ್ಕೇ ನನ್ನ ಮೇಲೆ ನನಗೇ ಅಸಹ್ಯ. ಪವನನ ಬಗ್ಗೆ ಓದಿ ನಾನೂ ನಕ್ಕಿದ್ದೆ."

"ಹೋಗ್ಲಾ?"

ಕೋಣೆಯಲ್ಲಿರುವ ಅಪ್ಪನಿಗೆ ಕೇಳಿಸುವಂತೆ 'ಇರು' ಎಂದು ಅವಳು ಹೇಗೆ ಹೇಳುವುದು?

ಆಗ ಕೋಣೆಯಿಂದ ಒಂದು ಕೆಮ್ಮು ಕೇಳಿಸಿತು.

ಒಂದೇ.

ಅದರ ಅರ್ಥವನ್ನು ಊರಿಗೆಲ್ಲ ಸಾರಿದವನೇ ಅವಿನಾಶ್. ಅವನು ಬಗ್ಗಿ ಒಂದು ಶೂ ಹಾಕಿಕೊಂಡ. ಲೇಸ್ ಕಟ್ಟಿದ. ಇನ್ನೊಂದಕ್ಕೂ ಕಾಲು ತೂರಿಸಿದ. ಹರಿಣಿ ಕಣ್ಣು ಮುಚ್ಚಿಕೊಂಡಳು.

ಎರಡನೆಯ ಕೆಮ್ಮು ಆಗ ಬಂತು.

ಅವಿನಾಶ್ ಅಲ್ಲೇ ಕೂತ. "ಇಷ್ಟು ಹೊತ್ತು ಯಾಕೆ ಕಾಯಿಸಿದ್ರು?"

"ನಿಂಗೂ ಗೊತ್ತಾಗ್ಲಿ ಅಂತ."

"ಏನು?"

"ಬರೀ ಸದ್ದು ಕೇಳ್ಕೊಂಡು ನಿಂತಿರೋದು ಹೇಗಿರತ್ತೆ ಅಂತ." ಹರಿಣಿ ಅವನ ಪಕ್ಕ ಕೂತು ಲೇಸ್ ಎಳೆದಳು. "ಶೂ ಬಿಚ್ಚು. ಒಳಗೆ ಬಾ."